ಹೆರಿಗೆ ಆಸ್ಪತ್ರೆಯದು, ಬಾಣಂತನ ಯಾರದು?

ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತ ಹೆಣ್ಣುಮಗಳನ್ನು ಮನೆಗೆ ಬಿಟ್ಟುಬರಲು ಕರ್ನಾಟಕದಲ್ಲಿ ಒಂದು ವಾಹನವಿದೆ. ಹೆಸರು ‘ನಗು-ಮಗು’. 2011ರಲ್ಲಿ ಶುರುವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸಹಜ ಹೆರಿಗೆಯಾದರೆ ಮೂರು ದಿನ, ಸಿಸೇರಿಯನ್ ಆದರೆ ಏಳು ದಿನ ಆಸ್ಪತ್ರೆಯಲ್ಲಿ ಊಟ ಉಚಿತ. ಔಷಧ ಉಚಿತ, ಕೊನೆಗೆ ಮನೆತನಕ ಪ್ರಯಾಣವೂ ಉಚಿತ. ಹಟ್ಟಿಯ ಬಾಗಿಲಲ್ಲೋ ನಗರದ ಗಲ್ಲಿಯ ತಿರುವಿನಲ್ಲೋ ತಾಯಿ-ಮಗುವನ್ನು ಇಳಿಸಿ ಗಾಡಿ ಹೊರಟುಹೋಗುತ್ತದೆ. ತಾಯಿ ಕಾರ್ಡಿನಲ್ಲಿ ಹೆರಿಗೆಯ ಕಾಲಂ ತುಂಬಿದೆ, ಜಿಲ್ಲೆಯ ಲೆಕ್ಕಕ್ಕೆ ಇನ್ನೊಂದು ಸಾಂಸ್ಥಿಕ ಹೆರಿಗೆ ಸೇರಿದೆ. ಆಕೆಯ ಕಷ್ಟ ಮಾತ್ರ ಶುರುವಾಗುವುದೇ ಈಗ.

ಬಾಣಂತಿ ಸುದ್ದಿಯಾಗಬೇಕಾದರೆ ಸಾಯಬೇಕು. 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಹೆಂಗಸರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡಾಗ ‘ಬಾಣಂತಿಯರ ಸಾವು’ ವಾರಗಟ್ಟಲೆ ಮುಖಪುಟದಲ್ಲಿತ್ತು. ಡ್ರಿಪ್‌ನಲ್ಲಿ ಕೊಟ್ಟ ದ್ರಾವಣದ ಗುಣಮಟ್ಟ, ಔಷಧ ಖರೀದಿಯ ವ್ಯವಹಾರ, ಬೆಳಗಾವಿ ಅಧಿವೇಶನದ ಗದ್ದಲ ಎಲ್ಲವೂ ಆಯಿತು. ಆಗಲೇಬೇಕಿತ್ತು. ಆದರೆ ಅದೇ ತಿಂಗಳಲ್ಲಿ ರಾಜ್ಯದ ಉದ್ದಗಲಕ್ಕೂ ಬದುಕಿ ಮನೆ ಸೇರಿದ ಸಾವಿರಾರು ತಾಯಂದಿರಿಗೆ ಯಾರು ಅನ್ನ ಬಡಿಸಿದರು, ಹೊಲಿಗೆ ಹಾಕಿದ ಗಾಯವನ್ನು ಯಾರು ನೋಡಿದರು, ರಾತ್ರಿ ಅಳುವ ಕೂಸನ್ನು ಯಾರು ಎತ್ತಿಕೊಂಡರು ಎಂಬುದನ್ನು ಯಾವ ಸದನವೂ ಕೇಳಲಿಲ್ಲ.

ಹೆರಿಗೆಯ ವಿಷಯದಲ್ಲಿ ರಾಜ್ಯ ಸಾಧಿಸಿದ್ದು ಸಣ್ಣದೇನಲ್ಲ. 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಇಲ್ಲಿನ ನೂರು ಹೆರಿಗೆಗಳಲ್ಲಿ ಆಸ್ಪತ್ರೆಯಲ್ಲಿ ಆಗುತ್ತಿದ್ದುದು 65ರಷ್ಟು. ಐದನೇ ಸಮೀಕ್ಷೆಯ ಹೊತ್ತಿಗೆ ಅದು 97ಕ್ಕೆ ಏರಿತು. ಆದರೂ 2018-20ರ ಲೆಕ್ಕದಲ್ಲಿ ರಾಜ್ಯದ ತಾಯಂದಿರ ಮರಣ ಪ್ರಮಾಣ ಲಕ್ಷ ಜೀವಂತ ಜನನಕ್ಕೆ 69 ಇತ್ತು. ಕೇರಳದ್ದು 19, ತಮಿಳುನಾಡಿನದು 54. ಎಲ್ಲರೂ ಆಸ್ಪತ್ರೆಗೆ ಬಂದ ಮೇಲೂ ಈ ಅಂತರ ಯಾಕೆ ಎಂಬುದಕ್ಕೆ ಹಲವು ಕಾರಣಗಳಿವೆ. ರಕ್ತಹೀನತೆಯಿಂದ ಹಿಡಿದು ತಜ್ಞರ ಕೊರತೆಯವರೆಗೆ. ತಾಯಿ-ಮಗು ಹೆಚ್ಚಾಗಿ ಸಾಯುವುದು ಹೆರಿಗೆಯಾದ ನಂತರದ ದಿನಗಳಲ್ಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಲೇ ಬಂದಿದೆ. ರಕ್ತಸ್ರಾವ, ನಂಜು, ಏರಿದ ರಕ್ತದೊತ್ತಡ ಇವು ಡಿಸ್ಚಾರ್ಜ್ ಚೀಟಿ ನೋಡಿ ಹಿಂದೆ ಸರಿಯುವಂಥವಲ್ಲ.

ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. ಕಾಸು ಕೇಳಿದವರಲ್ಲ. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು. ಅವರ ನಂತರ ಸೂಲಗಿತ್ತಿಯರ ಕಾಲ ಮುಗಿಯಿತು ಎಂದು ಬರೆದವರು ಬಹಳ. ಹೊಕ್ಕುಳಬಳ್ಳಿ ಕತ್ತರಿಸುವ ಕೆಲಸ ವೈದ್ಯರ ಕೈಗೆ ಹೋದದ್ದು ಒಳ್ಳೆಯದೇ ಆಯಿತು. ಆದರೆ ಸೂಲಗಿತ್ತಿಯ ಕೆಲಸ ಅಷ್ಟಕ್ಕೇ ನಿಲ್ಲುತ್ತಿರಲಿಲ್ಲ. ಹೆರಿಗೆಯಾದ ಮೇಲೂ ಆಕೆ ದಿನಾ ಬರುತ್ತಿದ್ದಳು. ಬಾಣಂತಿಗೆ ಎಣ್ಣೆ ತಿಕ್ಕಿ ಬೆನ್ನ ಮೇಲೆ ಬಿಸಿನೀರು ಸುರಿಯುತ್ತಿದ್ದಳು, ಚಾಚಿದ ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು ಎರೆಯುತ್ತಿದ್ದಳು, ಮೊಲೆ ಕಟ್ಟಿಕೊಂಡಿದ್ದರೆ ಏನು ಮಾಡಬೇಕೆಂದು ಹೇಳಿಕೊಡುತ್ತಿದ್ದಳು. ಬಾಣಂತಿಯ ಮುಖ ಬಾಡಿದ್ದರೆ ಮೊದಲು ಕಾಣುತ್ತಿದ್ದುದೂ ಆಕೆಗೇ. ಹೆರಿಗೆಯನ್ನು ಆಸ್ಪತ್ರೆ ವಹಿಸಿಕೊಂಡಿತು. ಉಳಿದ ಕೆಲಸವನ್ನು ಯಾರೂ ವಹಿಸಿಕೊಳ್ಳಲಿಲ್ಲ.

ಹಳೆಯ ಬಾಣಂತನ ಒಂದು ದೊಡ್ಡ ಏರ್ಪಾಡೇ ಆಗಿತ್ತು. ಉತ್ತರ ಕರ್ನಾಟಕದ ಮನೆಗಳಲ್ಲಿ ದಿನ ತುಂಬುವ ಮೊದಲೇ ಅಂಟು, ಒಣಕೊಬ್ಬರಿ, ಉತ್ತತ್ತಿ, ಬೆಲ್ಲ ತಂದು ಅಂಟಿನುಂಡೆ ಕಟ್ಟುತ್ತಿದ್ದರು. ಹಾಲು ಹೆಚ್ಚಲೆಂದು ಅಳವಿ ಪಾಯಸ. ಹಳೇ ಮೈಸೂರು ಕಡೆ ಮೆಣಸು-ಬೆಳ್ಳುಳ್ಳಿಯ ಸಾರು, ಸಬ್ಬಸಿಗೆ ಸೊಪ್ಪು, ಬಿಸಿ ಅನ್ನಕ್ಕೆ ಸುರಿಯುವಷ್ಟು ತುಪ್ಪ. ಕರಾವಳಿಯಲ್ಲಿ ಮೆಂತ್ಯದ ಗಂಜಿ. ಬಚ್ಚಲ ಹಂಡೆಯ ಒಲೆ ಆರುತ್ತಲೇ ಇರಲಿಲ್ಲ. ಹೊರಸಿನ ಕೆಳಗೆ ಕೆಂಡ, ಅದರ ಮೇಲೆ ಲೋಬಾನದ ಹೊಗೆ. ಇದರಲ್ಲಿ ಯಾವುದು ವೈದ್ಯಕೀಯವಾಗಿ ಸರಿ, ಯಾವುದು ಅಲ್ಲ ಎಂದು ವಾದ ಮಾಡಬಹುದು. ಒಂದು ಸಂಗತಿಯಂತೂ ಖಚಿತ: ನಲವತ್ತು ದಿನ ಆ ಹೆಣ್ಣು ಕಸಬರಿಗೆ ಮುಟ್ಟುತ್ತಿರಲಿಲ್ಲ, ಯಾರಾದರೊಬ್ಬರು ಸದಾ ಅವಳ ಬಳಿ ಇರುತ್ತಿದ್ದರು.

ಆ ಒಬ್ಬರು ಯಾರು? ಹೆಚ್ಚಾಗಿ ಮನೆಯ ವಿಧವೆ ಸೋದರತ್ತೆ, ಅಜ್ಜಿ, ಮದುವೆಯಾಗದ ತಂಗಿ. ಅವರಿಗೆ ಕೂಲಿ ಇರಲಿಲ್ಲ, ಬಿಡುವಿರಲಿಲ್ಲ, ಬೇಡವೆನ್ನುವ ಹಕ್ಕೂ ಇರಲಿಲ್ಲ. ‘ನಮ್ಮ ಕಾಲದ ಬಾಣಂತನವೇ ಬಾಣಂತನ’ ಎಂದು ಹೊಗಳುವವರು ಆ ಸೋದರತ್ತೆಯ ಹೆಸರನ್ನು ನೆನೆಯುವುದು ಕಡಿಮೆ. ಹೊಗಳುವವರಲ್ಲಿ ಗಂಡಸರ ಪಾಲು ಜಾಸ್ತಿ ಎಂಬುದೂ ಗಮನಿಸಬೇಕಾದ್ದೇ.

ಹೊಗಳಿಕೆಗೆ ಸಲ್ಲದ ಭಾಗವೂ ಇದರಲ್ಲಿತ್ತು, ಈಗಲೂ ಇದೆ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಸೂತಕವೆಂದು ಬಾಣಂತಿಯನ್ನು ಹಸುಗೂಸಿನೊಂದಿಗೆ ಊರ ಹೊರಗಿನ ಗುಡಿಸಲಿನಲ್ಲಿ ಇಟ್ಟರು. ಮಳೆ, ಚಳಿ. ಕೂಸು ಉಳಿಯಲಿಲ್ಲ. ಅಧಿಕಾರಿಗಳು ಓಡಿಬಂದರು, ಗುಡಿಸಲು ನೆಲಸಮವಾಯಿತು. ಅದಕ್ಕೂ ಎಷ್ಟೋ ವರ್ಷ ಮೊದಲು ಸರ್ಕಾರವೇ ಕೆಲವು ಹಟ್ಟಿಗಳಲ್ಲಿ ‘ಕೃಷ್ಣ ಕುಟೀರ’ಗಳನ್ನು ಕಟ್ಟಿಸಿತ್ತು. ಹೊರಗೆ ಕೂರಿಸುವ ಪದ್ಧತಿಯನ್ನು ಬಿಡಿಸಲಾಗದೆ ಅದಕ್ಕೊಂದು ಸೂರು ಹಾಕಿದಂತಾಯಿತು ಎಂಬ ಟೀಕೆ ಆಗಲೇ ಬಂದಿತ್ತು. ಟೀಕೆ ಸರಿಯಾಗಿಯೇ ಇತ್ತು. ಹಾಗೆಂದು ಎಲ್ಲ ದೂಷಣೆಯನ್ನೂ ಒಂದು ಸಮುದಾಯದ ತಲೆಗೆ ಕಟ್ಟುವುದು ಅನ್ಯಾಯ. ಪುಣ್ಯಾಹ ಮುಗಿಯುವವರೆಗೆ ಬಾಣಂತಿಯನ್ನು ಮುಟ್ಟದ ಮನೆಗಳು ಮೇಲ್ಜಾತಿಗಳಲ್ಲಿ ಬೇಕಾದಷ್ಟಿವೆ. ವ್ಯತ್ಯಾಸವೆಂದರೆ ಅಲ್ಲಿ ಆಕೆಗೆ ಒಂದು ಕೋಣೆ ಇರುತ್ತದೆ.

ನೀರಿನದು ಇನ್ನೊಂದು ಕಥೆ. ಹೊಟ್ಟೆ ಬರುತ್ತದೆ, ಕೂಸಿಗೆ ಶೀತವಾಗುತ್ತದೆ ಎಂದು ಬಾಣಂತಿಗೆ ಗುಟುಕು ಲೆಕ್ಕದಲ್ಲಿ ನೀರು ಕೊಡುವ ಮನೆಗಳು ಇನ್ನೂ ಇವೆ. ಬಾಣಂತಿಯರ ಮಿದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಕಾಯಿಲೆಯನ್ನು ಬೆಂಗಳೂರಿನ ನಿಮ್ಹಾನ್ಸ್‌ನ ನರವೈದ್ಯರು ದಶಕಗಳಿಂದ ನೋಡುತ್ತ ಬಂದಿದ್ದಾರೆ. ಅದಕ್ಕೆ ದೇಹದಲ್ಲಿ ನೀರು ಕಡಿಮೆಯಾಗುವುದೂ ಒಂದು ಕಾರಣವೆಂದು ವೈದ್ಯರು ಎಚ್ಚರಿಸುತ್ತಾರೆ. ಹಾಲೂಡಿಸುವ ಹೆಣ್ಣಿಗೆ ನೀರು ಬೇಡ ಎನ್ನುವ ಪಥ್ಯ ಯಾವ ಅಜ್ಜಿ ಹೇಳಿದರೂ ತಪ್ಪೇ. ವಿಶ್ರಾಂತಿಯ ವಿಷಯವೂ ಹೀಗೆಯೇ. ಐದನೇ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ಹೆರಿಗೆಗಳಲ್ಲಿ ಶೇ 31.5 ಸಿಸೇರಿಯನ್. ಹೊಟ್ಟೆ ಕೊಯ್ದ ಹೆಣ್ಣನ್ನು ವಾರಗಟ್ಟಲೆ ಮಲಗಿಸಿಯೇ ಇಡುವುದೂ ಅಪಾಯ, ಎದ್ದು ಕೊಡ ಹೊರಿಸುವುದೂ ಅಪಾಯ. ಈ ನಡುವಿನ ದಾರಿಯನ್ನು ಹೇಳಿಕೊಡುವವರು ಮನೆಗೆ ಬರಬೇಕು.

ಬರುವವರು ಈಗ ಇದ್ದಾರೆಯೇ ಎಂಬುದು ಪ್ರಶ್ನೆ. ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬ ರೂಢಿ ಉಳಿದಿದೆ, ತವರಿನಲ್ಲಿ ಮನೆ ನೋಡಿಕೊಳ್ಳುವ ಕೈ ಉಳಿದಿಲ್ಲ. ಇಪ್ಪತ್ತೊಂದರ ಮಗಳು ಹೆತ್ತಾಗ ತಾಯಿಗೆ ನಲವತ್ತು ದಾಟಿರುತ್ತದೆ, ಅಷ್ಟೆ. ಆಕೆ ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯುತ್ತಿರುತ್ತಾಳೆ, ಕಬ್ಬಿನ ಗದ್ದೆಯಲ್ಲಿರುತ್ತಾಳೆ, ಬೆಳಗಿನ ಜಾವ ಐದಕ್ಕೆ ಎದ್ದು ಪೌರಕಾರ್ಮಿಕಳಾಗಿ ಬೀದಿ ಗುಡಿಸುತ್ತಿರುತ್ತಾಳೆ. ಅಂಗನವಾಡಿಯಲ್ಲೋ ಬಿಸಿಯೂಟದ ಕೋಣೆಯಲ್ಲೋ ಊರ ಮಕ್ಕಳಿಗೆ ಅಡುಗೆ ಮಾಡಿ ಮಧ್ಯಾಹ್ನದ ನಂತರ ಮನೆಗೆ ಬಂದು ಮಗಳಿಗೆ ಬೇಯಿಸುವವಳೂ ಇದ್ದಾಳೆ. ಮೊಮ್ಮಗುವಿಗಾಗಿ ಈಕೆಗೆ ರಜೆ ಕೊಡುವ ಕಾನೂನು ಯಾವುದೂ ಇಲ್ಲ. ಹೆತ್ತವಳಿಗೇ ಎಷ್ಟು ಸಿಕ್ಕೀತು? 2017ರ ತಿದ್ದುಪಡಿ 26 ವಾರ ಸಂಬಳದ ರಜೆ ಕೊಟ್ಟಿತು. ಅದು ಕಾರ್ಖಾನೆಗಳ, ಹತ್ತು ಅಥವಾ ಹೆಚ್ಚು ಜನರಿರುವ ಕಚೇರಿಗಳ ಮಾತು. ಯಾದಗಿರಿಯಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಬಂದು ಶೀಟಿನ ಮನೆಯಲ್ಲಿ ಕೂಸನ್ನು ಸೀರೆಯ ಜೋಲಿಗೆ ಹಾಕುವವಳಿಗೆ ಆ ರಜೆಯ ಗಾಳಿಯೂ ತಾಕುವುದಿಲ್ಲ.

ದುಡ್ಡಿದ್ದವರಿಗೆ ಮಾರುಕಟ್ಟೆ ಇದೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಗೆ ಬೆಳಗ್ಗೆ ಬಂದು ತಾಯಿಗೂ ಮಗುವಿಗೂ ಎಣ್ಣೆನೀರು ಹಾಕಿ ಹೋಗುವ ಹೆಂಗಸರಿದ್ದಾರೆ, ನಲವತ್ತು ದಿನ ಮನೆಯಲ್ಲೇ ಉಳಿಯುವವರನ್ನು ಕಳಿಸುವ ಏಜೆನ್ಸಿಗಳಿವೆ. ಇನ್ನೂ ದೂರದವರು ಅಮ್ಮನನ್ನೇ ಕರೆಸಿಕೊಳ್ಳುತ್ತಾರೆ. ಕ್ಯಾಲಿಫೋರ್ನಿಯಾದ ಕನ್ನಡದ ಮನೆಗಳಲ್ಲಿ ಮೊದಲು ಹುಡುಗಿಯ ತಾಯಿ-ತಂದೆ, ಅವರ ವೀಸಾ ಮುಗಿಯುವ ಹೊತ್ತಿಗೆ ಹುಡುಗನ ತಾಯಿ-ತಂದೆ ಎಂಬ ಪಾಳಿ ಹೊಸದೇನಲ್ಲ. ಸೂಟ್‌ಕೇಸಿನಲ್ಲಿ ಬಾಣಂತಿ ಖಾರದ ಪುಡಿ. ಹೆತ್ತವರೆಲ್ಲರಿಗೂ ಸಂಬಳದ ರಜೆ ಕೊಡುವ ರಾಷ್ಟ್ರಮಟ್ಟದ ಕಾನೂನೇ ಇಲ್ಲದ ಆ ದೇಶದಲ್ಲಿ ದಾವಣಗೆರೆಯ ಅಮ್ಮನೇ ಸಾಮಾಜಿಕ ಭದ್ರತೆ.

ಮೈಯ ನೋವಾದರೂ ಕಣ್ಣಿಗೆ ಕಾಣುತ್ತದೆ, ಮನಸ್ಸಿನದು ಕಾಣುವುದಿಲ್ಲ. ಭಾರತದಲ್ಲಿ ನಡೆದ ಹಲವು ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದ ವಿಶ್ಲೇಷಣೆಯೊಂದು ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ 2017ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಹೆತ್ತ ತಾಯಂದಿರಲ್ಲಿ ಶೇ 22ರಷ್ಟು ಮಂದಿಗೆ ಖಿನ್ನತೆ ಇತ್ತು. ಐವರಲ್ಲಿ ಒಬ್ಬರಿಗಿಂತ ಹೆಚ್ಚು. ಗೋವಾದಲ್ಲಿ ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾರಣಗಳು ಕಂಡವು: ಬಡತನ, ಗಂಡನ ಹೊಡೆತ, ಗಂಡು ಬಯಸಿದ ಮನೆಯಲ್ಲಿ ಹುಟ್ಟಿದ ಹೆಣ್ಣು. ಕನ್ನಡದ ಮನೆಗಳಿಗೆ ಇದರಲ್ಲಿ ಹೊಸದೇನಿದೆ? ‘ಎರಡನೆಯದೂ ಹೆಣ್ಣೇನಾ?’ ಎಂದು ತೊಟ್ಟಿಲ ಮುಂದೆಯೇ ಕೇಳುವ ನೆಂಟರು ಎಲ್ಲ ಊರಲ್ಲೂ ಇದ್ದಾರೆ.

ಮಗುವನ್ನೇ ಗುರುತಿಸದಷ್ಟು ಮನಸ್ಸು ಕೆಟ್ಟರೆ ಹಳ್ಳಿಯ ಜನ ‘ಬಾಣಂತಿ ಸನ್ನಿ’ ಎಂದು ಕಂಡುಹಿಡಿಯುತ್ತಾರೆ. ಆಸ್ಪತ್ರೆಗೋ ದೇವಸ್ಥಾನಕ್ಕೋ ಕರೆದೊಯ್ಯುತ್ತಾರೆ. ಸುಮ್ಮನೆ ಗೋಡೆ ನೋಡುತ್ತ ಕೂತವಳು, ಹಾಲೂಡಿಸುವಾಗ ಕಣ್ಣೀರು ಹಾಕುವವಳು ಯಾರ ಲೆಕ್ಕಕ್ಕೂ ಬರುವುದಿಲ್ಲ. ‘ನಾವೆಲ್ಲ ಹೆತ್ತಿಲ್ಲವೆ?’ ಎಂಬ ಒಂದೇ ಮಾತಿಗೆ ಅವಳ ಬಾಯಿ ಕಟ್ಟಿಹೋಗುತ್ತದೆ. ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ-ಮಗುವನ್ನು ಬೇರೆ ಮಾಡದೆ ಚಿಕಿತ್ಸೆ ಕೊಡುವ ವಿಭಾಗವೊಂದಿದೆ. ಡಾ. ಪ್ರಭಾ ಚಂದ್ರ ಅವರ ಮುಂದಾಳತ್ವದಲ್ಲಿ ರೂಪುಗೊಂಡ ಈ ಘಟಕ ದೇಶಕ್ಕೇ ಮಾದರಿ. ಅದು ಶುರುವಾದದ್ದು ಐದು ಹಾಸಿಗೆಗಳೊಂದಿಗೆ. ತೀವ್ರವಾಗಿ ಕಾಯಿಲೆಬಿದ್ದವರಿಗೆ ಇಂಥ ಜಾಗ ಬೇಕೇ ಬೇಕು. ಉಳಿದ ಸಾವಿರಾರು ಮಂದಿಗೆ ಬೇಕಿರುವುದು ಆಸ್ಪತ್ರೆಯಲ್ಲ, ಮನೆಗೆ ಬಂದು ಕೂತು ಮಾತಾಡಿಸುವ ಒಂದು ಜೀವ.

ಸರ್ಕಾರ ಏನೂ ಮಾಡಿಲ್ಲ ಎಂದರೆ ಸುಳ್ಳಾಗುತ್ತದೆ. 2007ರಲ್ಲಿ ತಾಯಿ-ಮಗುವಿಗೆ ಬೇಕಾದ ಸಾಮಾನುಗಳ ‘ಮಡಿಲು’ ಕಿಟ್ ಬಂತು. 2017ರ ಗಾಂಧಿ ಜಯಂತಿಯಂದು ಮಾತೃಪೂರ್ಣ ಬಂತು: ಗರ್ಭಿಣಿಗೂ, ಹೆತ್ತು ಆರು ತಿಂಗಳವರೆಗಿನ ತಾಯಿಗೂ ತಿಂಗಳಲ್ಲಿ 25 ದಿನ ಅಂಗನವಾಡಿಯಲ್ಲಿ ಅನ್ನ, ಸಾಂಬಾರು, ಪಲ್ಯ, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ. ಯೋಜನೆ ಒಳ್ಳೆಯದು. ಆದರೆ ಅದನ್ನು ಬರೆದವರು ಬಾಣಂತಿಯನ್ನು ಅಂಗನವಾಡಿಗೆ ನಡೆದು ಬಾ ಎಂದರು. ಹದಿನೈದು ದಿನದ ಕೂಸನ್ನು ಎತ್ತಿಕೊಂಡು, ಮಲೆನಾಡಿನಲ್ಲಾದರೆ ಮಳೆಯಲ್ಲಿ ಎರಡು ಗುಡ್ಡ ಹತ್ತಿಳಿದು, ಒಂದು ಊಟಕ್ಕೆ ಬರುವವರು ಯಾರು? ಮನೆಗೆ ಕೊಟ್ಟರೆ ಊಟವನ್ನು ಎಲ್ಲರೂ ಹಂಚಿಕೊಂಡುಬಿಡುತ್ತಾರೆ, ಅವಳಿಗೆ ಉಳಿಯುವುದಿಲ್ಲ ಎಂಬ ಅಧಿಕಾರಿಗಳ ವಾದದಲ್ಲಿ ಹುರುಳಿದೆ. ಅದಕ್ಕೆ ಮದ್ದು ಅವಳನ್ನು ನಡೆಸುವುದಲ್ಲ. ಊಟ ತಂದವರು ಅವಳು ಉಣ್ಣುವವರೆಗೆ ಹತ್ತು ನಿಮಿಷ ಕೂರುವುದು.

ಹಣದ ವಿಷಯ ಬೇಗ ಹೇಳಿ ಮುಗಿಸಬಹುದು. 2013ರ ಆಹಾರ ಭದ್ರತಾ ಕಾಯ್ದೆ ಪ್ರತಿ ಗರ್ಭಿಣಿ-ಬಾಣಂತಿಗೆ ಕನಿಷ್ಠ 6,000 ರೂಪಾಯಿ ಎಂದಿತು. ಕೇಂದ್ರದ ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ ಸಿಗುವುದು 5,000; ಎರಡನೆಯದು ಹೆಣ್ಣಾದರೆ 6,000. ಪಕ್ಕದ ತಮಿಳುನಾಡು 2018ರಿಂದ ಪೌಷ್ಟಿಕ ಆಹಾರದ ಕಿಟ್ ಸೇರಿ 18,000 ಕೊಡುತ್ತಿದೆ.

ಇನ್ನು ಆಶಾ ಕಾರ್ಯಕರ್ತೆ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28 ಮತ್ತು 42ನೇ ದಿನ ಆಕೆ ಮನೆಗೆ ಹೋಗಬೇಕು. ಮಹಾರಾಷ್ಟ್ರದ ಗಡ್ಚಿರೋಲಿಯಲ್ಲಿ ಡಾ. ಅಭಯ್ ಬಂಗ್, ರಾಣಿ ಬಂಗ್ ದಂಪತಿ ಹಳ್ಳಿಯ ಹೆಂಗಸರನ್ನೇ ತರಬೇತುಗೊಳಿಸಿ ನವಜಾತ ಶಿಶುಗಳ ಸಾವನ್ನು ತಗ್ಗಿಸಿ ತೋರಿಸಿದ ಮೇಲೆ, 2011ರಲ್ಲಿ ದೇಶಕ್ಕೆಲ್ಲ ಬಂದ ಪದ್ಧತಿ ಇದು. ಆರು ಭೇಟಿಗೆ ಸೇರಿ 250 ರೂಪಾಯಿ. ಕೂಸಿನ ತೂಕ, ಮೈಬಿಸಿ, ಹಾಲು ಕುಡಿಯುವ ಬಗೆ ಇವೇ ಮುಖ್ಯ. ತಾಯಿಯ ಬಗ್ಗೆ ಕೇಳುವುದು ಕೊನೆಗೆ, ಸಮಯವಿದ್ದರೆ. ಇನ್ನೊಂದು ತೊಡಕು ಬೇರೆ. ಹೆಸರು ನೋಂದಾಯಿಸಿದ್ದು ಗಂಡನ ಊರಿನಲ್ಲಿ, ಬಾಣಂತನ ತವರಿನಲ್ಲಿ. ಆ ಊರಿನ ಆಶಾ ಹುಡುಕುವ ಹೊತ್ತಿಗೆ ಹುಡುಗಿ ಅಲ್ಲಿಲ್ಲ, ಈ ಊರಿನ ಆಶಾಳ ಪಟ್ಟಿಯಲ್ಲಿ ಅವಳ ಹೆಸರಿಲ್ಲ. ಶತಮಾನಗಳಿಂದ ಇರುವ ರೂಢಿಯನ್ನು ನೋಂದಣಿಯ ಸಾಫ್ಟ್‌ವೇರ್ ಇನ್ನೂ ಕಲಿಯಲಾರದೆ ಇದೆ. 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಗೌರವಧನಕ್ಕಾಗಿ ಫ್ರೀಡಂ ಪಾರ್ಕಿನಲ್ಲಿ ಹಗಲುರಾತ್ರಿ ಕೂತದ್ದನ್ನು ನೆನೆದರೆ, ಈ ಭಾರವನ್ನೂ ಅವರ ಹೆಗಲಿಗೇ ಹೊರಿಸಿ ಎನ್ನಲು ನಾಲಿಗೆ ಏಳುವುದಿಲ್ಲ.

ಹಾಗಾದರೆ ಯಾರು? ಜಾರ್ಖಂಡ್-ಒಡಿಶಾದ ಆದಿವಾಸಿ ಜಿಲ್ಲೆಗಳಲ್ಲಿ ‘ಏಕಜುಟ್’ ಎಂಬ ಸಂಸ್ಥೆ 2005ರಿಂದ ಮೂರು ವರ್ಷ ನಡೆಸಿದ ಪ್ರಯೋಗ ಒಂದು ಉತ್ತರ ಕೊಡುತ್ತದೆ. ಅಲ್ಲಿ ವೈದ್ಯರನ್ನು ಕಳಿಸಲಿಲ್ಲ. ತಿಂಗಳಿಗೊಮ್ಮೆ ಊರ ಹೆಂಗಸರನ್ನು ಕೂರಿಸಿ, ಚಿತ್ರ, ಕಥೆ, ಆಟಗಳ ನೆಪದಲ್ಲಿ ‘ನಮ್ಮೂರಲ್ಲಿ ಹೆತ್ತವರಿಗೆ ಏನಾಗುತ್ತಿದೆ, ಏನು ಮಾಡೋಣ’ ಎಂದು ಅವರೇ ಚರ್ಚಿಸುವಂತೆ ಮಾಡಿದರು. ನವಜಾತ ಶಿಶುಗಳ ಮರಣ ಒಟ್ಟಾರೆ ಶೇ 32ರಷ್ಟು ಇಳಿಯಿತು. ಯಾರೂ ಖಿನ್ನತೆಗೆಂದು ಚಿಕಿತ್ಸೆ ಕೊಡಲಿಲ್ಲ. ಆದರೂ ಮೂರನೇ ವರ್ಷದಲ್ಲಿ ತಾಯಂದಿರಲ್ಲಿ ಮಧ್ಯಮ ಮಟ್ಟದ ಖಿನ್ನತೆ ಶೇ 57ರಷ್ಟು ಕಡಿಮೆಯಾಗಿತ್ತು. ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ ಅತಿಫ್ ರಹಮಾನ್ ತಂಡ ಸಾಮಾನ್ಯ ಆರೋಗ್ಯ ಕಾರ್ಯಕರ್ತೆಯರಿಗೆ ಮಾತಾಡಿಸುವ ಕಲೆ ಕಲಿಸಿತು. ಅವರು ಖಿನ್ನತೆ ಇದ್ದ ಗರ್ಭಿಣಿಯರನ್ನು ಹೆರಿಗೆಯಾದ ಮೇಲೂ ಮನೆಗೆ ಹೋಗಿ ಕಂಡರು. ಮಗುವಿಗೆ ಆರು ತಿಂಗಳಾದಾಗ ಅವರಲ್ಲಿ ಖಿನ್ನತೆ ಉಳಿದದ್ದು ಶೇ 23 ಮಂದಿಗೆ, ಬರೀ ಮಾಮೂಲಿ ಭೇಟಿ ಸಿಕ್ಕವರಲ್ಲಿ ಶೇ 53. ಶ್ರೀಮಂತ ದೇಶವೇ ಬೇಕೆಂದರೆ ನೆದರ್ಲೆಂಡ್ಸ್ ಇದೆ. ಅಲ್ಲಿ ತರಬೇತಿ ಪಡೆದ ಸಹಾಯಕಿ ಮೊದಲ ಒಂದು ವಾರ ಮನೆಗೇ ಬಂದು ತಾಯಿ-ಮಗುವನ್ನು ನೋಡುತ್ತಾಳೆ, ಮನೆಗೆಲಸದಲ್ಲೂ ಕೈಹಾಕುತ್ತಾಳೆ. ಖರ್ಚಿನ ಬಹುಪಾಲು ವಿಮೆಯದು.

ಕರ್ನಾಟಕದಲ್ಲಿ ಇದಕ್ಕೆ ಹೊಸ ಇಲಾಖೆ ಬೇಡ. 2000ದ ಆಸುಪಾಸಿನಲ್ಲಿ ಹುಟ್ಟಿದ ಸ್ತ್ರೀಶಕ್ತಿ ಗುಂಪುಗಳಿವೆ, ಸಂಜೀವಿನಿ ಒಕ್ಕೂಟಗಳಿವೆ. ಇದೇ ಹೆಂಗಸರು ಇವತ್ತು ಗ್ರಾಮ ಪಂಚಾಯಿತಿಯೊಂದಿಗೆ ಒಪ್ಪಂದ ಮಾಡಿಕೊಂಡು ಹಳ್ಳಿಯ ಕಸದ ಗಾಡಿ ಓಡಿಸುತ್ತಿದ್ದಾರೆ. ಕಸಕ್ಕೆ ಸಾಧ್ಯವಾದ ಒಪ್ಪಂದ ಬಾಣಂತನಕ್ಕೆ ಯಾಕಾಗದು? ಗುಂಪಿನ ಇಬ್ಬರು ಹೆಂಗಸರಿಗೆ ಅಪಾಯದ ಲಕ್ಷಣಗಳನ್ನು ಕಲಿಸಿ. ಆರು ವಾರ ದಿನಕ್ಕೆ ಒಂದೆರಡು ಗಂಟೆ ಅವರು ಬಾಣಂತಿಯ ಮನೆಗೆ ಹೋಗಲಿ. ಮಾತೃಪೂರ್ಣದ ಬುತ್ತಿ ಅವರ ಕೈಯಲ್ಲೇ ಹೋಗಲಿ. ಎರೆಯಲಿ, ಬಟ್ಟೆ ಒಗೆಯಲಿ, ತಾಯಿ ಒಂದು ಗಂಟೆ ನಿದ್ದೆ ಮಾಡುವವರೆಗೆ ಕೂಸನ್ನು ಹಿಡಿದುಕೊಳ್ಳಲಿ. ಅವರಿಗೆ ದಿನದ ಕೂಲಿ ಸಿಗಲೇಬೇಕು, ಸೇವೆ-ತ್ಯಾಗದ ಮಾತಾಡಿ ಬಿಟ್ಟಿ ದುಡಿಸಿಕೊಂಡರೆ ಹಳೆಯ ಸೋದರತ್ತೆಯ ಕಥೆಯೇ ಆಗುತ್ತದೆ. ನರೇಗಾ ಕೂಲಿಯವರ ಮಕ್ಕಳಿಗೆಂದು ‘ಕೂಸಿನ ಮನೆ’ ತೆರೆಯಲು ಪಂಚಾಯಿತಿಗಳಿಗೆ ಆದದ್ದಾದರೆ ಇದೂ ಆದೀತು.

ಮನೆಯ ಕೆಲಸಕ್ಕೆ ಸರ್ಕಾರದ ದುಡ್ಡೇಕೆ, ಗಂಡ ಇಲ್ಲವೇ ಎಂದು ಕೇಳುವವರಿದ್ದಾರೆ. ಕೇಳಲಿ, ಗಂಡನನ್ನೂ ಕೇಳಲಿ. ಸರ್ಕಾರಿ ನೌಕರನಾದ ತಂದೆಗೆ 15 ದಿನದ ಪಿತೃತ್ವ ರಜೆ ಇದೆ. ಖಾಸಗಿಯವನಿಗೆ ಕಾನೂನಿನ ಹಕ್ಕಿಲ್ಲ. ರಜೆ ಇದ್ದವನನ್ನೂ ಬಾಣಂತಿಯ ಕೋಣೆಯೊಳಗೆ ಬಿಡದ ಅತ್ತೆಯರಿದ್ದಾರೆ, ಬಿಡದಿದ್ದರೆ ಸಾಕು ಎಂದು ಹಾಯಾಗಿರುವ ಅಳಿಯಂದಿರೂ ಇದ್ದಾರೆ.

ಹಣ, ರಜೆಗಿಂತ ಗಟ್ಟಿಯಾದ ಅಡ್ಡಿ ಜಾತಿ. ಹಿಂದೆ ಎಷ್ಟೋ ಊರುಗಳಲ್ಲಿ ಸೂಲಗಿತ್ತಿ ಕೆಳಜಾತಿಯವಳು. ಹೆರಿಗೆಯ ಹೊತ್ತಿಗೆ ಮೇಲ್ಜಾತಿಯ ಮನೆಯ ಒಳಕೋಣೆಯೂ ಅವಳಿಗೆ ತೆರೆಯುತ್ತಿತ್ತು. ಸೂತಕ ಕಳೆದ ಮೇಲೆ ಅದೇ ಮನೆಯ ಜಗಲಿಯೂ ಮುಚ್ಚುತ್ತಿತ್ತು. ದಲಿತ ಮಹಿಳೆ ಮಾಡಿದ ಬಿಸಿಯೂಟ ಬೇಡವೆಂದು ಮಕ್ಕಳನ್ನು ಶಾಲೆಯಿಂದ ಬಿಡಿಸಿಕೊಂಡು ಹೋದ ಘಟನೆಗಳು ಈಗಲೂ ಇದೇ ರಾಜ್ಯದಿಂದ ವರದಿಯಾಗುತ್ತಿವೆ. ಗುಂಪಿನ ಹೆಂಗಸರನ್ನು ಆಯಾ ಕೇರಿಗೆ ಆಯಾ ಜಾತಿಯವರೆಂದು ಹಂಚಿದರೆ ಕೆಲಸ ಸಲೀಸು, ಯಾರೂ ಗಲಾಟೆ ಮಾಡುವುದಿಲ್ಲ. ಹಾಗೆ ಹಂಚಲು ಸರ್ಕಾರದ ದುಡ್ಡು ಬೇಕಿಲ್ಲ. ಯೋಜನೆ ಶುರುವಾದ ಮೊದಲ ವಾರವೇ, ದಲಿತ ಕೇರಿಯ ಹೆಂಗಸು ಬುತ್ತಿ ಹಿಡಿದು ಗೌಡರ ಮನೆಯ ಬಾಣಂತಿಯ ಕೋಣೆಗೆ ಹೋಗುತ್ತಾಳೋ ಇಲ್ಲವೋ ಎಂಬುದನ್ನು ಪಂಚಾಯಿತಿ ತೀರ್ಮಾನಿಸಬೇಕಾಗುತ್ತದೆ.